ರಟ್ಟು ಕತ್ತರಿಸುವ ಹೊತ್ತಿನಲ್ಲಿ ಮೈಕ್ ಯಾರ ಕೈಯಲ್ಲಿತ್ತು: ಒಂದು ಮೂಕಿ ಚಿತ್ರ ಪ್ರದರ್ಶನದ ಪ್ರಕರಣ ಅಧ್ಯಯನ

ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ, ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುವ ಸಣ್ಣ ಸಂಘಟನೆಯೊಂದು 1916ರ ಒಂದು ಅಮೆರಿಕನ್ ಮೂಕಿ ಚಿತ್ರವನ್ನು ಎರಡು ಬಾರಿ ತೋರಿಸಿತು. ಮೊದಲ ಬಾರಿ ಚಿತ್ರ ಯಾರನ್ನೂ ಮುಟ್ಟಲಿಲ್ಲ. ಎರಡನೆಯ ಬಾರಿ, ಬಹುಪಾಲು ಅದೇ ಪ್ರೇಕ್ಷಕರ ಎದುರಿಗೆ, ಸಭಾಂಗಣದ ಬಾಗಿಲು ಹಾಕುವ ಹೊತ್ತಾದರೂ ಮಾತು ನಿಲ್ಲಲಿಲ್ಲ. ಎರಡು ಪ್ರದರ್ಶನಗಳ ನಡುವೆ ತಂಡ ಕೈಗೊಂಡ ತೀರ್ಮಾನಗಳನ್ನು ದಾಖಲಿಸುವುದು ಈ ಬರಹದ ಉದ್ದೇಶ. ಊರು, ಸಂಘಟನೆ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂಘಟನೆಯನ್ನು ನಡೆಸುವವರನ್ನು ಸಂಯೋಜಕಿ ಎಂದೂ, ನಿರೂಪಣೆಗೆ ಬಂದ ನಿವೃತ್ತ ಶಿಕ್ಷಕರನ್ನು ಮೇಷ್ಟ್ರು ಎಂದೂ ಕರೆಯುತ್ತೇನೆ. ಚಿತ್ರ ಮತ್ತು ಅದರ ನಿರ್ದೇಶಕಿಯ ಹೆಸರನ್ನು ಮಾತ್ರ ಮರೆಮಾಚುವ ಅಗತ್ಯವಿಲ್ಲ. ಆ ಹೆಸರು ಬೇಕಾದಷ್ಟು ಕಾಲ ಮರೆಯಾಗಿಯೇ ಇತ್ತು.

ಚಿತ್ರ ಮತ್ತು ನಿರ್ದೇಶಕಿ

ಚಿತ್ರ 'ಶೂಸ್'. ನಿರ್ದೇಶಕಿ ಲೋಯಿಸ್ ವೆಬರ್. ಇಂದು ಪಿಟ್ಸ್‌ಬರ್ಗ್ ನಗರದೊಳಗೆ ಸೇರಿಹೋಗಿರುವ ಅಲೆಘೆನಿಯಲ್ಲಿ 1879ರಲ್ಲಿ ಹುಟ್ಟಿದ ವೆಬರ್ ಎಳೆಯ ವಯಸ್ಸಿನಲ್ಲಿ ಪಿಯಾನೊ ಕಲಿತರು. ಆಮೇಲೆ ಕ್ರೈಸ್ತ ಸೇವಾ ಸಂಘವೊಂದನ್ನು ಸೇರಿ ಬೀದಿಯ ಮೂಲೆಗಳಲ್ಲಿ ನಿಂತು ಕೀರ್ತನೆ ಹಾಡುತ್ತ, ಬಡವರ ನಡುವೆ ಓಡಾಡಿದರು. ಅಲ್ಲಿಂದ ರಂಗಭೂಮಿಗೆ, ರಂಗಭೂಮಿಯಿಂದ ಸಿನಿಮಾಕ್ಕೆ ಬಂದರು. 1913ರ 'ಸಸ್ಪೆನ್ಸ್' ಎಂಬ ಕಿರುಚಿತ್ರದಲ್ಲಿ ಪರದೆಯನ್ನು ಮೂರು ಭಾಗ ಮಾಡಿ, ಮನೆಯೊಳಗಿನ ಹೆಣ್ಣು, ಹೊರಗಿನ ಕಳ್ಳ ಮತ್ತು ದೂರದ ಕಚೇರಿಯಲ್ಲಿರುವ ಗಂಡ ಮೂವರನ್ನೂ ಒಟ್ಟಿಗೆ ತೋರಿಸಿದರು. 1914ರಲ್ಲಿ ಷೇಕ್ಸ್‌ಪಿಯರ್‌ನ ವೆನಿಸ್ಸಿನ ವ್ಯಾಪಾರಿಯನ್ನು ಚಿತ್ರವಾಗಿಸಿ, ಪೂರ್ಣ ಪ್ರಮಾಣದ ಕಥಾಚಿತ್ರ ನಿರ್ದೇಶಿಸಿದ ಮೊದಲ ಅಮೆರಿಕನ್ ಮಹಿಳೆ ಎನಿಸಿದರು. 1917ರಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದರು. ಆ ದಶಕದಲ್ಲಿ ಅವರ ಹೆಸರಿಗೆ ಸಮನಾಗಿ ನಿಲ್ಲುವ ನಿರ್ದೇಶಕರು ಬೆರಳೆಣಿಕೆಯಷ್ಟು ಮಂದಿ. 1939ರಲ್ಲಿ ತೀರಿಕೊಂಡಾಗ ಚಿತ್ರರಂಗ ಅವರನ್ನು ಬಹುಮಟ್ಟಿಗೆ ಕೈಬಿಟ್ಟಿತ್ತು.

'ಶೂಸ್' ಚಿತ್ರಕ್ಕೆ ಎರಡು ಮೂಲಗಳಿವೆ. ಸಮಾಜ ಸುಧಾರಕಿ ಜೇನ್ ಆಡಮ್ಸ್ 1912ರಲ್ಲಿ ನಗರದ ಹೆಣ್ಣುಮಕ್ಕಳನ್ನು ವೇಶ್ಯಾವೃತ್ತಿಗೆ ದೂಡುವ ಸ್ಥಿತಿಗತಿಗಳ ಬಗ್ಗೆ ಒಂದು ಪುಸ್ತಕ ಬರೆದರು. ಹೊಸ ಶೂಗಳಿಗಾಗಿ ತನ್ನನ್ನೇ ಮಾರಿಕೊಂಡ ಒಬ್ಬ ದುಡಿಯುವ ಹುಡುಗಿಯ ಪ್ರಸಂಗ ಅದರಲ್ಲಿ ಕೆಲವೇ ಸಾಲುಗಳಲ್ಲಿ ಬರುತ್ತದೆ. ಆ ಎಳೆಯನ್ನು ಹಿಡಿದು ಸ್ಟೆಲ್ಲಾ ವಿನ್ ಹೆರನ್ ಬರೆದ ಸಣ್ಣಕತೆ 1916ರ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವೆಬರ್ ಅದಕ್ಕೆ ಚಿತ್ರಕತೆ ಬರೆದು ನಿರ್ದೇಶಿಸಿದರು. ಅದೇ ವರ್ಷ ಜೂನ್‌ನಲ್ಲಿ ಯೂನಿವರ್ಸಲ್ ಕಂಪನಿಯ ಬ್ಲೂಬರ್ಡ್ ವಿಭಾಗ ಅದನ್ನು ಬಿಡುಗಡೆ ಮಾಡಿತು.

ಕತೆ ಇಷ್ಟೇ. ಈವಾ ಮೇಯರ್ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಮಾರಾಟದ ಹುಡುಗಿ. ವಾರದ ಸಂಬಳ ಐದು ಡಾಲರ್. ತಂದೆಗೆ ಕೆಲಸವಿಲ್ಲ, ಹುಡುಕುವ ಮನಸ್ಸೂ ಇಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಪೈಪು ಸೇದುತ್ತ ಪುಸ್ತಕ ಓದುತ್ತಾನೆ. ಮನೆಯಲ್ಲಿ ತಾಯಿ, ಮೂವರು ತಂಗಿಯರು. ಇಡೀ ದಿನ ನಿಂತು ದುಡಿಯುವ ಈವಾಳ ಶೂಗಳ ಅಟ್ಟೆ ಸವೆದು ತೂತುಬಿದ್ದಿದೆ. ಹೊಸ ಜೋಡಿಗೆ ಮೂರು ಡಾಲರ್. ಮುಂದಿನ ವಾರ ಕೊಡಿಸುತ್ತೇನೆ ಎಂದು ತಾಯಿ ಹೇಳುತ್ತಾಳೆ. ಮುಂದಿನ ವಾರದ ಸಂಬಳವೂ ಮನೆ ಖರ್ಚಿನಲ್ಲಿ ಕರಗುತ್ತದೆ. ಈವಾ ರಟ್ಟು ಕತ್ತರಿಸಿ ಶೂ ಒಳಗೆ ಇಟ್ಟುಕೊಳ್ಳುತ್ತಾಳೆ. ಮಳೆ ಬರುತ್ತದೆ. ರಟ್ಟು ನೆನೆದು ಮುದ್ದೆಯಾಗುತ್ತದೆ. ಕ್ಯಾಬರೆಯಲ್ಲಿ ಹಾಡುವ ಚಾರ್ಲಿ ಎಂಬವನು ಅವಳ ಮೇಲೆ ಕಣ್ಣಿಟ್ಟಿರುತ್ತಾನೆ. ಕೊನೆಗೊಂದು ದಿನ ಈವಾ ಬಿರುಕುಬಿಟ್ಟ ಕನ್ನಡಿಯಲ್ಲಿ ಮುಖ ನೋಡಿಕೊಂಡು ಅವನಿದ್ದಲ್ಲಿಗೆ ಹೋಗುತ್ತಾಳೆ. ಹೊಸ ಶೂಗಳೊಂದಿಗೆ ಮನೆಗೆ ಬಂದು ತಾಯಿಯ ಮಡಿಲಲ್ಲಿ ಅಳುತ್ತಾಳೆ. ತಂದೆಗೆ ಕೆಲಸ ಸಿಕ್ಕಿದ ಸುದ್ದಿ ಅದರ ಬೆನ್ನಿಗೇ ಬರುತ್ತದೆ. ಈವಾ ಪಾತ್ರ ಮಾಡಿದ ಮೇರಿ ಮ್ಯಾಕ್ಲಾರೆನ್ ಅವರಿಗೆ ಅದು ಮೊದಲ ಮುಖ್ಯ ಪಾತ್ರ. ಆಕೆ ಮುಖವನ್ನು ಹೆಚ್ಚು ಆಡಿಸುವುದೇ ಇಲ್ಲ. ದಣಿವನ್ನು ಅಷ್ಟು ನಿಜವಾಗಿ ಅಭಿನಯಿಸಿದ ನಟಿಯರು ಯಾವ ಕಾಲದಲ್ಲೂ ಅಪರೂಪ ಎಂದು ನನ್ನ ಅಭಿಪ್ರಾಯ.

ಸಂಯೋಜಕಿ ಈ ಚಿತ್ರವನ್ನೇ ಆರಿಸಲು ಕಾರಣ ಸರಳವಾಗಿತ್ತು. ಅವರ ಸಂಘಟನೆಯ ಹೆಣ್ಣುಮಕ್ಕಳು ಕೂಡ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವವರು, ಸಂಬಳವನ್ನು ಮನೆಗೆ ಒಪ್ಪಿಸುವವರು. ಗಿರಾಕಿ ಇಲ್ಲದ ಹೊತ್ತಿನಲ್ಲಾದರೂ ಕೂರಲು ಒಂದು ಸ್ಟೂಲ್ ಬೇಕೆಂಬ ಬೇಡಿಕೆಯನ್ನು ಸಂಘಟನೆ ಆಗಷ್ಟೇ ಎತ್ತಿಕೊಂಡಿತ್ತು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಫಲವಾಗಿ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿತ್ತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿದಿತ್ತು. ಆದರೆ ಸಂಘಟನೆಯ ಸಭೆಗಳಲ್ಲಿ ಈ ಹೆಣ್ಣುಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಭಾಷಣ ಕೇಳಿ, ಚಹಾ ಕುಡಿದು, ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಒಂದು ಸಿನಿಮಾ ಅವರನ್ನು ಮಾತಿಗೆ ಎಳೆದೀತು ಎಂಬುದು ಸಂಯೋಜಕಿಯ ಆಸೆ.

ಮೊದಲ ಪ್ರದರ್ಶನ

ರಜೆಯ ದಿನದ ಮಧ್ಯಾಹ್ನ, ಒಂದು ಸಮುದಾಯ ಭವನದಲ್ಲಿ ಬಾಡಿಗೆಯ ಪ್ರೊಜೆಕ್ಟರ್ ಇಟ್ಟು ತೋರಿಸಿದರು. ಅಂತರಜಾಲದಲ್ಲಿ ಸಿಕ್ಕಿದ ಒಂದು ಮಸುಕಾದ ಪ್ರತಿಯನ್ನು ಇಳಿಸಿಕೊಂಡಿದ್ದರು. ಅದಕ್ಕೆ ಯಾರೋ ಚುರುಕಾದ ಪಿಯಾನೊ ಸಂಗೀತ ಅಂಟಿಸಿದ್ದರು. ನಡುನಡುವೆ ಬರುವ ಬರಹದ ಫಲಕಗಳು ಇಂಗ್ಲಿಷಿನಲ್ಲಿದ್ದವು. ಆದ್ದರಿಂದ ಮೇಷ್ಟ್ರು ಮೈಕ್ ಹಿಡಿದು ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ನಿರೂಪಿಸುವುದೆಂದು ತೀರ್ಮಾನವಾಗಿತ್ತು.

ಮೇಷ್ಟ್ರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನಾಟಕಗಳಲ್ಲಿ ಪಾತ್ರ ಮಾಡಿದವರು, ಒಳ್ಳೆಯ ಕಂಠದವರು, ಆ ಹೆಣ್ಣುಮಕ್ಕಳಲ್ಲಿ ಹಲವರಿಗೆ ಶಾಲೆಯಲ್ಲಿ ಪಾಠ ಹೇಳಿದವರು. ಹಿಂದಿನ ದಿನವಿಡೀ ಕುಳಿತು ಟಿಪ್ಪಣಿ ಮಾಡಿಕೊಂಡಿದ್ದರು. ಮುಂದೆ ನಡೆದದ್ದಕ್ಕೆ ಅವರ ಅಸಡ್ಡೆ ಕಾರಣವಲ್ಲ. ಅವರ ಅಕ್ಕರೆಯೇ ಅತಿಯಾಯಿತು.

ಪ್ರತಿ ದೃಶ್ಯಕ್ಕೂ ವಿವರಣೆ ಬಂತು. ತಂದೆ ಹಾಸಿಗೆಯಲ್ಲಿ ಹೊರಳಿದರೆ ಸೋಮಾರಿತನದ ಬಗ್ಗೆ ಎರಡು ಮಾತು. ಈವಾ ಗಾಜಿನ ಕಿಟಕಿಯಾಚೆಗಿನ ಶೂಗಳನ್ನು ನೋಡಿದರೆ ಆಸೆಯ ಬಗ್ಗೆ ಎರಡು ಮಾತು. ಅವಳು ರಟ್ಟು ಕತ್ತರಿಸುವಾಗ "ನೋಡಿ, ಬಡತನ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ" ಎಂದು ಆರಂಭಿಸಿದ ಮಾತು ಆ ದೃಶ್ಯ ಮುಗಿದ ಮೇಲೂ ಮುಂದುವರಿಯಿತು. ಮೂರು ಡಾಲರ್ ಎಂದು ಬಂದಾಗ ಅವರು ಇಂದಿನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿ ಹೇಳಿದರು. ಮುನ್ನೂರು ರೂಪಾಯಿಯೂ ಆಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಹುಬ್ಬೇರಿಸಿದರು. ಅಷ್ಟಕ್ಕೆ ಸಂತೆಯ ಚಪ್ಪಲಿಯಷ್ಟೇ ಬರುತ್ತದೆ, ಅದಕ್ಕೆ ಇಷ್ಟು ಗೋಳೇ ಎಂಬ ಗುಸುಗುಸು ಹಬ್ಬಿತು.

ಇನ್ನೊಂದು ತೊಂದರೆ ಆಗ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಚಿತ್ರದಲ್ಲಿ ಎಲ್ಲರೂ ಓಡುತ್ತಿದ್ದರು. ಈವಾ ದಣಿದು ಕಾಲೆಳೆಯುತ್ತ ಮನೆಗೆ ಬರಬೇಕಾದ ದೃಶ್ಯದಲ್ಲಿ ಪುಟಪುಟ ಹೆಜ್ಜೆ ಹಾಕುತ್ತಿದ್ದಳು. ಮಳೆಯ ದೃಶ್ಯಕ್ಕೆ ಸಭೆ ನಕ್ಕಿತು. ಕೆಲವರು ಮೊಬೈಲ್ ತೆಗೆದರು. ಕೆಲವರು ಎದ್ದು ಹೋದರು.

ಚಿತ್ರ ಮುಗಿದ ಮೇಲೆ ಮೇಷ್ಟ್ರು ಉಪಸಂಹಾರ ಹೇಳಿದರು. ಎಷ್ಟೇ ಕಷ್ಟ ಬಂದರೂ ದಾರಿ ತಪ್ಪಬಾರದು, ಒಂದು ದಿನ ತಾಳಿದ್ದರೆ ತಂದೆಯ ಸಂಬಳವೇ ಬರುತ್ತಿತ್ತು ಎಂಬುದು ಅದರ ಸಾರ. ಚರ್ಚೆಗೆ ಕರೆದಾಗ ಯಾರೂ ಏಳಲಿಲ್ಲ. ಒಬ್ಬರು ಹಿರಿಯರು ಮಾತ್ರ "ಮೇಷ್ಟ್ರು ಸರಿಯಾಗಿ ಹೇಳಿದರು" ಎಂದರು. ಸಭೆ ಮುಗಿಯಿತು.

ತಿರುವು

ಮೂರು ದಿನಗಳ ಮೇಲೆ ಸಂಯೋಜಕಿ ಒಂದು ಅಂಗಡಿಗೆ ಹೋಗಿದ್ದಾಗ, ಸೀರೆ ಮಡಿಸುತ್ತಿದ್ದ ಹುಡುಗಿಯೊಬ್ಬಳು ತಲೆ ಎತ್ತದೆಯೇ ಕೇಳಿದಳಂತೆ: "ಅಕ್ಕ, ಅವಳು ರಟ್ಟು ಕತ್ತರಿಸುವಾಗ ಸರ್ ಯಾಕೆ ಮಾತನಾಡುತ್ತಿದ್ದರು? ಎಷ್ಟು ಪದರ ಇಡುತ್ತಾಳೆ ಎಂದು ನೋಡಬೇಕೆಂದಿದ್ದೆ."

ಇಡೀ ಪ್ರಕರಣ ಹೊರಳಿದ್ದು ಈ ಪ್ರಶ್ನೆಯಿಂದ. ಅಲ್ಲಿಯವರೆಗೆ ತಂಡದಲ್ಲಿ ಎಲ್ಲರೂ ಪ್ರೇಕ್ಷಕರಿಗೆ ಚಿತ್ರ ಅರ್ಥವಾಗಲಿಲ್ಲ ಎಂದೇ ನಂಬಿದ್ದರು. ಹಳೆಯದು, ಮಾತಿಲ್ಲದ್ದು, ಪರದೇಶದ್ದು, ಹಾಗಾಗಿ ಹಿಡಿಸಲಿಲ್ಲ ಎಂದು ತೀರ್ಮಾನಿಸಿ, ಮುಂದಿನ ಬಾರಿ ಹೊಸ ಕನ್ನಡ ಚಿತ್ರವೊಂದನ್ನು ತೋರಿಸುವ ಮಾತು ಆಗಿತ್ತು. ಆ ಹುಡುಗಿಗೆ ಚಿತ್ರ ಚೆನ್ನಾಗಿಯೇ ಅರ್ಥವಾಗಿತ್ತು. ಅವಳು ನೋಡಬೇಕೆಂದದ್ದು ನಿರ್ದೇಶಕಿ ತೋರಿಸಬೇಕೆಂದದ್ದೇ ಆಗಿತ್ತು. ನಡುವೆ ಅಡ್ಡ ಬಂದದ್ದು ನಿರೂಪಣೆ.

ಸಂಯೋಜಕಿ ತಂಡವನ್ನು ಮತ್ತೆ ಕರೆದರು. ಅಲ್ಲಿ ಬಿಸಿ ಚರ್ಚೆ ನಡೆಯಿತು. ಮೇಷ್ಟ್ರ ವಾದ ತಳ್ಳಿಹಾಕುವಂಥದ್ದಲ್ಲ. ಮೂಕಿ ಕಾಲದಲ್ಲಿ ನಮ್ಮ ದೇಶದ ಡೇರೆಗಳಲ್ಲೂ ಚಿತ್ರಮಂದಿರಗಳಲ್ಲೂ ಫಲಕಗಳನ್ನು ಗಟ್ಟಿಯಾಗಿ ಓದಿ ಹೇಳುವವರು ಇರುತ್ತಿದ್ದರು, ಜಪಾನಿನಲ್ಲಿ ನಿರೂಪಕರೇ ನಟರಿಗಿಂತ ದೊಡ್ಡ ತಾರೆಗಳಾಗಿದ್ದರು, ಮೂಕಿ ಎಂದರೆ ಸದ್ದಿಲ್ಲದ ಸಿನಿಮಾ ಎಂಬುದೇ ತಪ್ಪು ತಿಳಿವಳಿಕೆ ಎಂದರು. ಇದೆಲ್ಲ ನಿಜ. ಜೊತೆಗೆ ಇನ್ನೂ ಗಟ್ಟಿಯಾದ ಒಂದು ಮಾತನ್ನೂ ಅವರು ಹೇಳಿದರು: ಬಂದವರಲ್ಲಿ ಕೆಲವರಿಗೆ ವೇಗವಾಗಿ ಓದಲು ಬರುವುದಿಲ್ಲ, ಕನ್ನಡದಲ್ಲೇ ಫಲಕ ಹಾಕಿದರೂ ಅವರು ಹೊರಗುಳಿಯುತ್ತಾರೆ. ಓದು ಬಾರದವರನ್ನು ಕತ್ತಲಲ್ಲಿ ಕೂರಿಸಿ ಕಲೆಯ ಹೆಸರಿನಲ್ಲಿ ಸುಮ್ಮನಿರುವುದು ನ್ಯಾಯವೇ ಎಂದು ಅವರು ಕೇಳಿದಾಗ ಯಾರಲ್ಲೂ ಥಟ್ಟನೆ ಉತ್ತರವಿರಲಿಲ್ಲ.

ಈ ನಡುವೆ ತಂಡದ ಕಿರಿಯ ಸದಸ್ಯೆಯೊಬ್ಬಳು ಚಿತ್ರದ ಚರಿತ್ರೆಯನ್ನು ಹುಡುಕಿ ಓದಿಕೊಂಡು ಬಂದಿದ್ದಳು. ಅವಳು ಹೇಳಿದ ಸಂಗತಿ ಚರ್ಚೆಯ ದಿಕ್ಕನ್ನೇ ಬದಲಿಸಿತು. ಧ್ವನಿಚಿತ್ರಗಳು ಬಂದ ಮೇಲೆ, 1932ರಲ್ಲಿ, ಯೂನಿವರ್ಸಲ್ ಕಂಪನಿ 'ಶೂಸ್' ಚಿತ್ರದ ತುಣುಕುಗಳನ್ನು ಸುಮಾರು ಹತ್ತು ನಿಮಿಷಕ್ಕೆ ಕತ್ತರಿಸಿ, ಅದರ ಮೇಲೆ ಅಣಕದ ನಿರೂಪಣೆಯನ್ನು ಹಚ್ಚಿ, 'ದಿ ಅನ್‌ಶಾಡ್ ಮೇಡನ್' ಎಂಬ ಹಾಸ್ಯದ ಕಿರುಚಿತ್ರವಾಗಿ ಮಾರಿತು. ಮೂಲದಲ್ಲಿ ಜನರನ್ನು ತಲ್ಲಣಗೊಳಿಸಿದ್ದ ಅವೇ ದೃಶ್ಯಗಳು, ಅದೇ ನಟಿ, ಅದೇ ಹರಿದ ಶೂಗಳು. ಹೊಸದಾಗಿ ಸೇರಿದ್ದು ಒಂದು ಧ್ವನಿ ಮಾತ್ರ. ಆ ಧ್ವನಿ ಒಂದು ಬಡ ಹುಡುಗಿಯ ದುಃಖವನ್ನು ನಗೆಪಾಟಲು ಮಾಡಿತು. ವೆಬರ್ ಆಗ ಬದುಕಿದ್ದರು.

ಹೀಗೆ ಕೆಡಿಸಿದ ಆ ತುಣುಕೇ ಮುಂದೆ ಚಿತ್ರಕ್ಕೆ ಜೀವ ಕೊಡಲು ನೆರವಾಯಿತು ಎಂಬುದು ಈ ಚರಿತ್ರೆಯ ಇನ್ನೊಂದು ಮಗ್ಗುಲು. ಆಮ್‌ಸ್ಟರ್‌ಡ್ಯಾಮಿನ ಚಲನಚಿತ್ರ ಸಂಗ್ರಹಾಲಯದಲ್ಲಿ ಡಚ್ ಫಲಕಗಳಿದ್ದ, ಆ ಕಾಲದ ನೈಟ್ರೇಟ್ ಫಿಲ್ಮಿನ ಹಳೆಯ ಪ್ರತಿಗಳು ಉಳಿದಿದ್ದವು. ಅಲ್ಲಿಯವರು ಅವುಗಳ ಜೊತೆಗೆ 1932ರ ತುಣುಕನ್ನೂ ಇಟ್ಟುಕೊಂಡು ಮೂಲ ಚಿತ್ರವನ್ನು ಮತ್ತೆ ಕಟ್ಟಿದರು. ಅಮೆರಿಕದ ಮೂಕಿ ಯುಗದ ಕಥಾಚಿತ್ರಗಳಲ್ಲಿ ಸುಮಾರು ಶೇಕಡ 70ರಷ್ಟು ಪೂರ್ತಿಯಾಗಿ ಕಳೆದುಹೋಗಿವೆ. ವೆಬರ್ ಅವರ ಚಿತ್ರಗಳಲ್ಲೂ ಬಹಳಷ್ಟು ಹೋಗಿವೆ. 'ಶೂಸ್' ಉಳಿದದ್ದು ಹೀಗೆ. 2014ರಲ್ಲಿ, ಕಾಪಾಡಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಅದನ್ನು ಸೇರಿಸಿದರು.

1932ರ ಕತೆ ಕೇಳಿದ ಮೇಷ್ಟ್ರಿಗೆ ನೋವಾಯಿತು. "ನಾನು ಅಣಕಿಸಲಿಲ್ಲವಲ್ಲ" ಎಂದರು. ಅಣಕಿಸಲಿಲ್ಲ, ನಿಜ. ಆದರೆ ಆಗ ಸಂಯೋಜಕಿ ಕೊಟ್ಟ ಉತ್ತರವೇ ಈ ಪ್ರಕರಣದ ತಿರುಳು ಎಂದು ನನಗೆ ಅನ್ನಿಸುತ್ತದೆ: "ಅವರು ನಗಿಸಿದರು, ನಾವು ಉಪದೇಶ ಮಾಡಿದೆವು. ಎರಡೂ ಕಡೆ ಈವಾಳ ಬಗ್ಗೆ ತೀರ್ಪು ಕೊಡುವ ಕೆಲಸವನ್ನು ನೋಡುವವರಿಂದ ಕಿತ್ತುಕೊಂಡಂತಾಯಿತು."

ಹೊಸ ತೀರ್ಮಾನಗಳು

ಮೊದಲು ವೇಗವನ್ನು ಸರಿಪಡಿಸಿದರು. ಆ ಕಾಲದಲ್ಲಿ ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20ರ ಆಸುಪಾಸಿನಲ್ಲಿ ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು, ದಾಖಲಾಗುತ್ತಿದ್ದವು. ಧ್ವನಿ ಬಂದ ಮೇಲೆ 24 ಎಂದು ನಿಗದಿಯಾಯಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ವೇಗ ಮೂರನೆಯ ಒಂದು ಭಾಗ ಹೆಚ್ಚುತ್ತದೆ. ಮೂಕಿ ಚಿತ್ರಗಳಲ್ಲಿ ಜನ ಗೊಂಬೆಗಳ ಹಾಗೆ ಕುಣಿಯುತ್ತಾರೆ ಎಂದು ನಾವೆಲ್ಲ ನಂಬಿರುವುದು ಬಹುಮಟ್ಟಿಗೆ ಇದರಿಂದ. ಇಡೀ ಚಿತ್ರವೇ ದಣಿದ ಕಾಲುಗಳ ಮೇಲೆ ನಿಂತಿರುವಾಗ ಈ ಒಂದು ದೋಷ ಅದನ್ನು ಮುಗಿಸಿಬಿಡುತ್ತದೆ. ಪುನರುಜ್ಜೀವನಗೊಂಡ ಪ್ರತಿಯ ಡಿಸ್ಕ್ ತರಿಸಿ, ಪ್ರದರ್ಶನಕ್ಕೆ ಅನುಮತಿ ಪಡೆದು, ಸರಿಯಾದ ವೇಗದಲ್ಲಿ ಹಾಕಿ ನೋಡಿದ ದಿನ ತಂಡದವರೇ ಬೆರಗಾದರು. ಈವಾ ಮೆಟ್ಟಿಲು ಹತ್ತುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ಒಂದು ಸಂಗತಿ ಎಂದು ಆಗ ತಿಳಿಯಿತು.

ಹಣದ ಪ್ರಶ್ನೆಗೆ ಪರಿಹಾರ ಸುಲಭವಾಗಿತ್ತು, ಆದರೆ ಹೊಳೆಯಲು ಸಮಯ ಹಿಡಿಯಿತು. ರೂಪಾಯಿಯ ಲೆಕ್ಕವನ್ನೇ ಕೈಬಿಟ್ಟರು. ಚಿತ್ರ ಆರಂಭವಾಗುವ ಮೊದಲು ಒಂದೇ ಮಾತು ಹೇಳುವುದೆಂದಾಯಿತು: ಇವಳ ವಾರದ ಸಂಬಳ ಐದು, ಶೂಗಳ ಬೆಲೆ ಮೂರು. ಐದರಲ್ಲಿ ಮೂರು ಪಾಲು ಎಂದರೆ ತಿಂಗಳ ಸಂಬಳದಲ್ಲಿ ಎಷ್ಟಾಗುತ್ತದೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳಬಹುದು.

ಸಂಗೀತಕ್ಕೆ, ವೃತ್ತಿ ನಾಟಕ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಹಾರ್ಮೋನಿಯಂ ನುಡಿಸಿದ ಹಿರಿಯ ಮಹಿಳೆಯೊಬ್ಬರನ್ನು ಕರೆತಂದರು. ಅವರೊಂದಿಗೆ ನಡೆದ ತಾಲೀಮಿನಲ್ಲಿ ನಾನೂ ಕುಳಿತಿದ್ದೆ. ಚಾರ್ಲಿ ಪರದೆಯ ಮೇಲೆ ಬಂದೊಡನೆ ಅವರ ಬೆರಳುಗಳು ತಾವಾಗಿ ಖಳನಾಯಕನ ವರಸೆಗೆ ಹೊರಳಿದವು. ಕಂಪನಿ ನಾಟಕದಲ್ಲಿ ಖಳ ರಂಗಕ್ಕೆ ಬರುವ ಮೊದಲೇ ಅವನ ಸಂಗೀತ ಬಂದಿರುತ್ತದೆ. ಸಂಯೋಜಕಿ ತಡೆದರು. ಈ ಚಾರ್ಲಿ ಮೀಸೆ ತಿರುವುವವನಲ್ಲ, ಕೌಂಟರಿನ ಎದುರು ನಿಂತು ನಗುವ ಗಿರಾಕಿಗಳಂಥವನು, ಅವನು ಎಂಥವನೆಂದು ಈ ಹೆಣ್ಣುಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ ಎಂದರು. ಹಾರ್ಮೋನಿಯಂನವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಿದ್ದರೆ ಅವನಿಗೆ ಏನೂ ಬೇಡ, ಶ್ರುತಿ ಮಾತ್ರ ಹಿಡಿಯುತ್ತೇನೆ" ಎಂದರು. ಎಲ್ಲರ ಬಾಯಲ್ಲಿರುವ ಹಾಡುಗಳ ಧಾಟಿ ಬೇಡ, ಏಕೆಂದರೆ ಧಾಟಿಯ ಹಿಂದೆಯೇ ಅದರ ಮಾತುಗಳೂ ಬಂದು ಕೂರುತ್ತವೆ ಎಂಬ ಎಚ್ಚರಿಕೆಯೂ ಅವರದೇ. ಮೂರು ಕಡೆ ಸಂಗೀತವನ್ನೇ ನಿಲ್ಲಿಸುವುದೆಂದು ಗೊತ್ತುಮಾಡಿಕೊಂಡರು: ರಟ್ಟು ಕತ್ತರಿಸುವಾಗ, ಬಿರುಕುಬಿಟ್ಟ ಕನ್ನಡಿಯ ಎದುರು, ಮತ್ತು ಈವಾ ಮನೆಗೆ ಮರಳಿದಾಗ.

ಓದು ಬಾರದವರ ಪ್ರಶ್ನೆಗೆ ಸಿಕ್ಕ ಉತ್ತರವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು. ಫಲಕಗಳನ್ನು ಕನ್ನಡಕ್ಕೆ ತಂದು ಪರದೆಯ ಕೆಳಗೆ ಹಾಕುವುದು. ಅವುಗಳನ್ನು ಗಟ್ಟಿಯಾಗಿ ಓದುವುದು. ಆದರೆ ಫಲಕದಲ್ಲಿ ಇದ್ದಷ್ಟನ್ನು ಮಾತ್ರ, ಇದ್ದಾಗ ಮಾತ್ರ. ಓದುವವರು ಪರದೆಯ ಪಕ್ಕದಲ್ಲಿ ನಿಲ್ಲಬಾರದು, ಪ್ರೇಕ್ಷಕರ ನಡುವೆ ಕೂರಬೇಕು. ಮೈಕ್ ಬೇಡ. ಓದುವ ಕೆಲಸವನ್ನು ರಟ್ಟಿನ ಪದರ ಎಣಿಸಲು ಬಯಸಿದ್ದ ಆ ಹುಡುಗಿಗೇ ವಹಿಸಿದರು. ಆ ಸಲಹೆ ಬಂದದ್ದು ಮೇಷ್ಟ್ರಿಂದ. ಅವಳಿಗೆ ಓದು ಕಲಿಸಿದವರೂ ಅವರೇ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಏರಿಸಬಾರದು ಎಂದು ಕುಳಿತು ತಿದ್ದಿದರು.

ಒಂದು ವಿಷಯದಲ್ಲಿ ಮಾತ್ರ ಒಮ್ಮತವಾಗಲಿಲ್ಲ. ಚಿತ್ರ ಜೇನ್ ಆಡಮ್ಸ್ ಅವರ ಪುಸ್ತಕದ ಮಾತುಗಳಿಂದಲೇ ಶುರುವಾಗುತ್ತದೆ. ಹುಡುಗಿ ಶೂಗಳಿಗಾಗಿ ತನ್ನನ್ನು ಮಾರಿಕೊಂಡಳು ಎಂದು ಮೊದಲೇ ಹೇಳಿಬಿಡುತ್ತದೆ. ಕೊನೆಯನ್ನು ಮೊದಲೇ ಬಿಟ್ಟುಕೊಡುವ ಈ ಫಲಕವನ್ನು ಹಾರಿಸೋಣ, ಕುತೂಹಲ ಉಳಿಯುತ್ತದೆ ಎಂದು ಕೆಲವರು. ಕಡೆಯಲ್ಲಿ ತಂದೆಗೆ ಕೆಲಸ ಸಿಗುವ ಭಾಗ ನಾಟಕೀಯ, ಅದನ್ನು ಕತ್ತರಿಸೋಣ ಎಂದು ಇನ್ನು ಕೆಲವರು. ಸಂಯೋಜಕಿ ಎರಡನ್ನೂ ಒಪ್ಪಲಿಲ್ಲ. 1932ರಲ್ಲಿ ಕತ್ತರಿಸಿದವರ ಸಾಲಿಗೆ ನಾವೂ ಸೇರುವುದು ಬೇಡ ಎಂಬುದಷ್ಟೇ ಅವರ ಕಾರಣ. ಈ ಹಟ ಎಷ್ಟು ಸರಿಯಾಗಿತ್ತು ಎಂಬುದು ಪ್ರದರ್ಶನದ ದಿನ ಗೊತ್ತಾಯಿತು.

ಎರಡನೆಯ ಪ್ರದರ್ಶನ

ಕೊನೆ ಏನೆಂದು ಗೊತ್ತಿದ್ದವರು ಬೇರೆ ರೀತಿಯಲ್ಲಿ ನೋಡಿದರು. ಮುಂದೇನಾಗುತ್ತದೆ ಎಂದು ಯಾರೂ ಕಾಯಲಿಲ್ಲ. ಯಾವ ವಾರದಲ್ಲಿ ಆಗುತ್ತದೆ, ಯಾವ ವಾರದಲ್ಲಿ ತಪ್ಪಿಸಬಹುದಿತ್ತು ಎಂದು ಕಾದರು. ವೆಬರ್ ಚಿತ್ರವನ್ನು ಕಟ್ಟಿರುವುದೇ ಹೀಗೆ. ಅದು ಅಂಗಡಿಯ ಜಮಾಖರ್ಚಿನ ಪುಸ್ತಕದ ಹಾಗೆ ವಾರದಿಂದ ವಾರಕ್ಕೆ ಸಾಗುತ್ತದೆ. ಪ್ರತಿ ಸಂಬಳದ ದಿನವೂ ಹಣ ಎಣಿಸುವ ಕೈಗಳನ್ನು ನೋಡುತ್ತೇವೆ, ಪ್ರತಿ ಬಾರಿಯೂ ಶೂಗಳಿಗೆ ಏನೂ ಉಳಿಯುವುದಿಲ್ಲ. ಎರಡನೆಯ ಸಂಬಳದ ದಿನಕ್ಕೆ ಸಭೆಯಿಂದ ಒಂದು ದನಿ, ಹೆಚ್ಚು ಗಟ್ಟಿಯಾಗೇನಲ್ಲ, "ಈ ವಾರವಾದರೂ ಕೊಡಿಸಮ್ಮ" ಎಂದಿತು.

ನಗುವೂ ಬಂತು. ತಂದೆ ಹಾಸಿಗೆಯಲ್ಲಿ ಪುಟ ತಿರುವಿದಾಗಲೆಲ್ಲ ನಕ್ಕರು. ಈ ಬಾರಿ ಅದು ಅಂಥವರನ್ನು ಮನೆಯಲ್ಲಿ ಕಂಡವರ ನಗು. ಇನ್ನೊಂದು ಕಡೆಯೂ ನಕ್ಕರು, ಅದನ್ನು ಮುಚ್ಚಿಡಬಾರದು: ರಾತ್ರಿ ನಿದ್ದೆ ಬಾರದೆ ಮಲಗಿರುವ ಈವಾಳ ಮೇಲೆ 'ಬಡತನ' ಎಂದು ಬರೆದಿರುವ ದೊಡ್ಡ ಕೈಯೊಂದು ಚಾಚಿಕೊಳ್ಳುವ ದೃಶ್ಯ. ಬೀದಿಮೂಲೆಯ ಉಪದೇಶಕಿ ಅಲ್ಲಿ ನಿರ್ದೇಶಕಿಯ ಮಾತು ಮೀರಿ ಎದ್ದು ನಿಂತಂತೆ ನನಗೆ ಕಾಣುತ್ತದೆ. ತೂತುಬಿದ್ದ ಅಟ್ಟೆಯನ್ನು ಅಷ್ಟು ಹತ್ತಿರದಿಂದ ತೋರಿಸಿದ ಮೇಲೆ ಬಡತನ ಎಂದು ಬರೆದು ತೋರಿಸುವ ಅಗತ್ಯವಿರಲಿಲ್ಲ. ಆದರೆ ಅದೇ ವೆಬರ್, ಈವಾ ಚಾರ್ಲಿಯೊಂದಿಗೆ ಕಳೆದ ರಾತ್ರಿಯನ್ನು ತೋರಿಸದೆ ಬಿಡುತ್ತಾರೆ. ಈವಾ ಹೋಗುವುದು ಕಾಣುತ್ತದೆ, ಬರುವುದು ಕಾಣುತ್ತದೆ. ಎಲ್ಲಿ ಮಾತು ನಿಲ್ಲಿಸಬೇಕೆಂದು ಅವರಿಗೆ ತಿಳಿದಿತ್ತು. ಮೊದಲ ಪ್ರದರ್ಶನದಲ್ಲಿ ನಿರೂಪಣೆ ತುಂಬಿದ್ದು ಅವರು ಬೇಕೆಂದೇ ಖಾಲಿ ಬಿಟ್ಟ ಜಾಗಗಳನ್ನು.

ರಟ್ಟು ಕತ್ತರಿಸುವಾಗ ಹಾರ್ಮೋನಿಯಂ ನಿಂತಿತು. ಪ್ರೊಜೆಕ್ಟರಿನ ಫ್ಯಾನಿನ ಸದ್ದು ಕೇಳಿಸುವಷ್ಟು ಸಭೆ ಸುಮ್ಮನಾಯಿತು. ಕನ್ನಡಿಯ ದೃಶ್ಯದಲ್ಲೂ ಹಾಗೆಯೇ.

ಚರ್ಚೆಗೆ ಈ ಬಾರಿ ವೇದಿಕೆ ಇರಲಿಲ್ಲ. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿ ಚಹಾ ಕೊಟ್ಟರು. ಯಾರೂ ಪ್ರಶ್ನೆ ಕೇಳುವ ಮೊದಲೇ ವಾದ ಶುರುವಾಯಿತು. ತಾಯಿಗೆ ಯಾವಾಗ ಗೊತ್ತಾಯಿತು? ಶೂ ಕಂಡೊಡನೆ ಗೊತ್ತಾಯಿತು ಎಂದು ಒಬ್ಬಳು. ಹಿಂದಿನ ರಾತ್ರಿಯೇ ಅಂದಾಜಿತ್ತು, ಕೇಳಲು ಧೈರ್ಯವಿರಲಿಲ್ಲ ಎಂದು ಇನ್ನೊಬ್ಬಳು. ತಾಯಿಯನ್ನು ಬೈಯಬೇಡಿ, ಐದರಲ್ಲಿ ಆರು ಹೊಟ್ಟೆ ತುಂಬಿಸಿ ನೋಡಿ ಎಂದು ಮೂರನೆಯವಳು. ತಂದೆಗೆ ಕೊನೆಗೆ ಕೆಲಸ ಸಿಗುವುದರ ಬಗ್ಗೆ ಅವರಿಗಿದ್ದ ಸಿಟ್ಟು ತಂಡದ ಯಾರೂ ಊಹಿಸದಂಥದ್ದು. ಕತ್ತರಿಸಬೇಕೆಂದಿದ್ದ ಆ ಭಾಗವೇ ಹೆಚ್ಚು ಹೊತ್ತಿನ ಮಾತಿಗೆ ಕಾರಣವಾಯಿತು. "ಮನಸ್ಸು ಮಾಡಿದ್ದರೆ ಹಿಂದಿನ ತಿಂಗಳೇ ಸಿಗುತ್ತಿತ್ತಲ್ಲ" ಎಂದಳು ಒಬ್ಬಳು. ಒಂದು ದಿನ ತಾಳಬೇಕಿತ್ತು ಎಂದು ಮೊದಲ ಪ್ರದರ್ಶನದಲ್ಲಿ ಈವಾಳ ಮೇಲೆ ಹೊರಿಸಿದ್ದ ಹೊಣೆ ಈಗ ತಂದೆಯ ಹೆಗಲಿಗೆ ಹೋಗಿತ್ತು.

ಅಲ್ಲಿಂದ ಮಾತು ಅವರವರ ಕಾಲುಗಳಿಗೆ ಬಂತು. ಮೊಣಕಾಲಿನ ಕೆಳಗೆ ಉಬ್ಬಿದ ನರಗಳು, ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಇರುವುದು, ಹಬ್ಬದ ತಿಂಗಳಲ್ಲಿ ಮನೆ ತಲುಪಿದ ಮೇಲೆ ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದು. ಸ್ಟೂಲಿನ ಬೇಡಿಕೆ ಪತ್ರಕ್ಕೆ ಅಂದು ಬಂದಷ್ಟು ಸಹಿ ಅದಕ್ಕೆ ಮುಂಚೆ ಬಂದಿರಲಿಲ್ಲ. ಚಿತ್ರವೊಂದರಿಂದಲೇ ಇದಾಯಿತು ಎಂದು ನಾನು ಹೇಳುವುದಿಲ್ಲ. ಸಂಘಟನೆಯವರು ಅಂಗಡಿಯಿಂದ ಅಂಗಡಿಗೆ ತಿರುಗಿದ ಶ್ರಮ ಅದರ ಹಿಂದಿದೆ. ಆದರೆ ತಮ್ಮ ಕಾಲುನೋವು ಹತ್ತು ಜನರೆದುರು ಹೇಳಿಕೊಳ್ಳಬಹುದಾದ ವಿಷಯ ಎಂದು ಅವರಿಗೆ ಅನ್ನಿಸಿದ್ದು ಆ ಮಧ್ಯಾಹ್ನ.

ಆಮೇಲೆ

ಎಲ್ಲವೂ ಸುಸೂತ್ರವಾಗಲಿಲ್ಲ. ಒಂದು ಅಂಗಡಿಯ ಮಾಲೀಕರಿಗೆ ಸುದ್ದಿ ಮುಟ್ಟಿ, ಅಂಥ ಸಿನಿಮಾಗಳಿಗೆ ಹೋಗುವುದು ಬೇಡ ಎಂದು ತಮ್ಮ ನೌಕರರಿಗೆ ಹೇಳಿದರು. ಮುಂದಿನ ಸಭೆಗೆ ಆ ಅಂಗಡಿಯಿಂದ ಯಾರೂ ಬರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಹಿಂಬದಿಯ ಕೋಣೆಗೆ ಎರಡು ಸ್ಟೂಲ್ ಬಂದವು, ಕೌಂಟರಿನ ಹತ್ತಿರಕ್ಕಲ್ಲ.

ಬೇರೆ ಊರುಗಳ ಗುಂಪುಗಳು ಈ ಪ್ರದರ್ಶನವನ್ನು ತಾವೂ ಮಾಡಬೇಕೆಂದು ಕೇಳಿದಾಗ ಸಂಯೋಜಕಿ ಮೊದಲು ವಿಚಾರಿಸುವುದು ಪ್ರತಿ ಎಲ್ಲಿಯದು, ಯಾವ ವೇಗದಲ್ಲಿ ಓಡುತ್ತದೆ ಎಂದು. ಎರಡನೆಯದಾಗಿ, ಫಲಕ ಓದುವವರು ಯಾರು, ಅವರು ಎಲ್ಲಿ ಕೂರುತ್ತಾರೆ ಎಂದು. ಸಿದ್ಧಪಡಿಸಿದ ಕನ್ನಡ ಫಲಕಗಳನ್ನು ಕಳುಹಿಸುತ್ತಾರೆ. ನಿರೂಪಣೆಯ ಟಿಪ್ಪಣಿ ಕೇಳಿದವರಿಗೆ ಅಂಥದ್ದು ಇಲ್ಲ ಎನ್ನುತ್ತಾರೆ. ಮೇಷ್ಟ್ರು ಈಗ ಓದುವವರಿಗೆ ತರಬೇತಿ ಕೊಡುತ್ತಾರೆ. ಫಲಕವಿಲ್ಲದ ದೃಶ್ಯಗಳಲ್ಲಿ ಹಲ್ಲು ಕಚ್ಚಿ ಸುಮ್ಮನಿರುವುದನ್ನೇ ಅವರು ಹೆಚ್ಚು ಅಭ್ಯಾಸ ಮಾಡಿಸುತ್ತಾರೆ.

ಸದ್ಯಕ್ಕೆ ತಂಡದ ಮುಂದಿರುವ ಪ್ರಶ್ನೆ ಪ್ರೇಕ್ಷಕರೇ ಎತ್ತಿದ್ದು. ಇದನ್ನು ನಮ್ಮ ಅಪ್ಪಂದಿರಿಗೂ ಗಂಡಂದಿರಿಗೂ ತೋರಿಸಿ ಎಂದು ಹಲವರು ಒತ್ತಾಯಿಸಿದ್ದಾರೆ. ಒಟ್ಟಿಗೆ ಕೂರಿಸಿದರೆ ಹೆಣ್ಣುಮಕ್ಕಳು ಮತ್ತೆ ಬಾಯಿ ಮುಚ್ಚಬಹುದು ಎಂಬ ಭಯ ಸಂಯೋಜಕಿಗೆ. ಬೇರೆಯಾಗಿ ತೋರಿಸಿದರೆ ಗಂಡಸರು ತಮ್ಮ ತಮ್ಮಲ್ಲೇ ಈವಾಳನ್ನು ತೂಗಿ ಎದ್ದು ಹೋಗಬಹುದು ಎಂಬ ಅನುಮಾನ ಹಾರ್ಮೋನಿಯಂನವರಿಗೆ. ಮುಂದಿನ ರಜೆಗೆ ಗಂಡಸರಿಗೆಂದೇ ಒಂದು ಪ್ರದರ್ಶನ ನಿಗದಿಯಾಗಿದೆ. ಫಲಕಗಳನ್ನು ಅಂದೂ ಅದೇ ಹುಡುಗಿ, ಅವರ ನಡುವೆಯೇ ಕುಳಿತು, ಓದುತ್ತಾಳೆ.